ಕೆರೆ ಕಟ್ಟೋಕೆ ದುಡ್ಡಿದೆ, ಹೂಳೆತ್ತೋಕೆ? ಸಂಶೋಧನಾ ಸಾಫ್ಟ್‌ವೇರ್ ದುರಸ್ತಿಗೆ ನೆರವು ಎಲ್ಲಿ ಸಿಗುತ್ತದೆ

ಚಳ್ಳಕೆರೆಯಲ್ಲಿ ಫೆಬ್ರುವರಿ 7, 8, 9, 10ನೇ ತಾರೀಖು ಮಳೆ. ಮಾರ್ಚ್‌ನಲ್ಲೂ ಅದೇ ತಾರೀಖುಗಳಲ್ಲಿ ಮಳೆ. ಜುಲೈ ಮೊದಲ ನಾಲ್ಕು ದಿನ ಮಾತ್ರ ಒಂದು ಹನಿಯೂ ಇಲ್ಲ.

ಈ ಗ್ರಾಫ್ ಹಿಡಿದುಕೊಂಡು ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನನ್ನ ಹತ್ತಿರ ಬಂದಿದ್ದಳು. ನಾನು ದಾವಣಗೆರೆಯಲ್ಲಿ ಪಾಠ ಮಾಡುತ್ತೇನೆ. ಕೋಡ್ ಕೈಕೊಟ್ಟಾಗ ಹುಡುಗರು ಲ್ಯಾಪ್‌ಟಾಪ್ ತೆಗೆದುಕೊಂಡು ಬರುವುದು ಹೊಸದೇನಲ್ಲ. ಆದರೆ ಆ ದಿನ ಅವಳು ಕೇಳಿದ ಪ್ರಶ್ನೆ ಬೇರೆ. "ಸರ್, ನಮ್ಮೂರು ಚಳ್ಳಕೆರೆ ಪಕ್ಕ. ಫೆಬ್ರುವರಿಯಲ್ಲಿ ಅಲ್ಲಿ ಇಷ್ಟು ಮಳೆ ಬಂದಿದ್ದನ್ನ ನಾನು ಕಂಡೇ ಇಲ್ಲ. ಆದ್ರೆ ಪ್ರೋಗ್ರಾಂ ಬಂದಿದೆ ಅನ್ನುತ್ತೆ."

ತಪ್ಪು ಸಿಗೋಕೆ ಮೂರು ದಿನ ಹಿಡಿಯಿತು. ಮಳೆ ಮಾಪನದ ಫೈಲಿನಲ್ಲಿ ದಿನಾಂಕ ನಾವು ಬರೆಯುವ ಹಾಗೇ ಇತ್ತು: ಮೊದಲು ದಿನ, ಆಮೇಲೆ ತಿಂಗಳು, ಆಮೇಲೆ ವರ್ಷ. ಅದನ್ನು ಓದುತ್ತಿದ್ದದ್ದು ಪಾಂಡಾಸ್ ಅನ್ನುವ ಲೈಬ್ರರಿಯ, ಅಂದರೆ ಪೈಥಾನ್ ಭಾಷೆಯಲ್ಲಿ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ನ, ಹಳೇ ಆವೃತ್ತಿ. ನಾವು ಬಾಯಿಬಿಟ್ಟು ಹೇಳದಿದ್ದರೆ ಅದು ಮೊದಲ ಸಂಖ್ಯೆಯನ್ನು ತಿಂಗಳು ಅಂತ ಓದುತ್ತದೆ. ಹಾಗಾಗಿ 02/09, ಅಂದರೆ ಸೆಪ್ಟೆಂಬರ್ 2, ಫೆಬ್ರುವರಿ 9 ಆಯಿತು. ಆದರೆ 13/09 ಬಂದಾಗ? ಹದಿಮೂರನೇ ತಿಂಗಳು ಇಲ್ಲವಲ್ಲ. ಆಗ ಅದು ಸದ್ದಿಲ್ಲದೆ ಕ್ರಮ ಬದಲಿಸಿ ಸರಿಯಾಗಿ ಓದುತ್ತಿತ್ತು. ಪ್ರತಿ ತಿಂಗಳ 13ರಿಂದ ಮುಂದೆ ಎಲ್ಲ ಸರಿ, ಮೊದಲ 12 ದಿನ ಅದಲು ಬದಲು. ಅರ್ಧಕ್ಕಿಂತ ಜಾಸ್ತಿ ಸರಿ ಇದ್ದದ್ದಕ್ಕೇ ಯಾರಿಗೂ ಅನುಮಾನ ಬಂದಿರಲಿಲ್ಲ.

ಆ ಸ್ಕ್ರಿಪ್ಟ್ ಬರೆದಿದ್ದ ಸೀನಿಯರ್ ಪಿಎಚ್‌ಡಿ ಮುಗಿಸಿ ಹೋಗಿ ವರ್ಷಗಳಾಗಿದ್ದವು. ಕೋಡ್ ಪೆನ್‌ಡ್ರೈವ್‌ನಿಂದ ಪೆನ್‌ಡ್ರೈವ್‌ಗೆ ಬಂದಿತ್ತು. ಲ್ಯಾಬ್‌ನ ಕಂಪ್ಯೂಟರಿನಲ್ಲಿ ಪಾಂಡಾಸ್ ಅಪ್‌ಡೇಟ್ ಮಾಡೋಕೆ ಎಲ್ಲರಿಗೂ ಭಯ. ಅಪ್‌ಡೇಟ್ ಮಾಡಿದರೆ ಎಲ್ಲಿ ನಿಂತುಹೋಗುತ್ತೋ ಅಂತ. ಪಾಂಡಾಸ್ ಕಟ್ಟುವವರು 2023ರ ಏಪ್ರಿಲ್‌ನಲ್ಲಿ ತಂದ 2.0 ಆವೃತ್ತಿಯಲ್ಲಿ ಈ ನಡವಳಿಕೆಯನ್ನೇ ಬದಲಿಸಿದ್ದಾರೆ. ಈಗ ದಿನಾಂಕ ಪರಿವರ್ತಿಸುವಾಗ ಅದು ಮೊದಲನೆಯದನ್ನು ನೋಡಿ ಒಂದು ಕ್ರಮ ಹಿಡಿಯುತ್ತದೆ, ಆ ಕ್ರಮಕ್ಕೆ ಹೊಂದದ್ದು ಬಂದರೆ ತಡೆದು ಹೇಳುತ್ತದೆ. ಹೊಸ ಆವೃತ್ತಿ ಇದ್ದಿದ್ದರೆ ನಮ್ಮ ಮೂರು ದಿನ ಮೂರು ನಿಮಿಷ ಆಗುತ್ತಿತ್ತು.

ನಾವು ತಿದ್ದಿದ್ದು ಒಂದೇ ಸಾಲು. ಹಾಗಾದರೆ ಇದಕ್ಕೆ ಯಾಕೆ ಅನುದಾನ ಬೇಕು ಅಂತ ಕೇಳಬಹುದು. ಸಾಲು ತಿದ್ದೋಕೆ ದುಡ್ಡು ಬೇಡ. ಅದು ಮತ್ತೆ ಮುರಿಯದ ಹಾಗೆ, ಕೋಡ್ ಸರಿ ಇದೆಯಾ ಅಂತ ತಾನೇ ನೋಡುವ ಪರೀಕ್ಷಾ ಕೋಡ್ ಬರೆಯಬೇಕು. ಬಳಸೋದು ಹೇಗೆ ಅಂತ ವಿವರ ಬರೆಯಬೇಕು. ಪಾಂಡಾಸ್ ಬದಲಾದಾಗೆಲ್ಲ ನಮ್ಮ ಕೋಡ್ ಜೊತೆಗೆ ಹೊಂದಿಸಬೇಕು. ಇದನ್ನೆಲ್ಲ ಮಾಡೋಕೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂರಬೇಕು. ಆ ಮನುಷ್ಯನಿಗೆ ಸಂಬಳ ಯಾರು ಕೊಡುತ್ತಾರೆ?

ನೀರುಗಂಟಿಯ ಕೂಲಿ

ನಮ್ಮ ಕಡೆಯವರಿಗೆ ಈ ವಿಷಯ ಕೆರೆಯ ಮೂಲಕ ಹೇಳಿದರೆ ಬೇಗ ಅರ್ಥವಾಗುತ್ತದೆ. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಇರುತ್ತದೆ. ಆದರೆ ಕೆರೆ ಉಳಿದದ್ದು ನೀರುಗಂಟಿಯಿಂದ. ತೂಬು ಎತ್ತೋದು, ಕಾಲುವೆ ಸವರೋದು, ಏರಿಯಲ್ಲಿ ಬಿಲ ಕಂಡರೆ ಮುಚ್ಚೋದು ಅವನ ಕೆಲಸ. ಅವನಿಗೆ ಊರಿನವರು ಸುಗ್ಗಿಯಲ್ಲಿ ಕಣದಿಂದ ಕಾಳು ಅಳೆದು ಕೊಡುತ್ತಿದ್ದರು. ನೀರು ಉಂಡವರೆಲ್ಲ ಕೊಡಬೇಕು ಅನ್ನುವ ಕಟ್ಟುಪಾಡು ಅದು. ಆ ಕಟ್ಟುಪಾಡು ತಪ್ಪಿದ ಕಡೆ ಕೆರೆಗಳು ಹೂಳು ತುಂಬಿದವು.

ಸಂಶೋಧನಾ ಸಾಫ್ಟ್‌ವೇರ್‌ಗೂ ನೀರುಗಂಟಿಗಳು ಇದ್ದಾರೆ. ಮೇಂಟೇನರ್ ಅನ್ನುತ್ತಾರೆ. ಕಾಳು ಅಳೆಯುವ ಕಟ್ಟುಪಾಡು ಮಾತ್ರ ಬಹಳ ವರ್ಷ ಇರಲೇ ಇಲ್ಲ.

ನಂಪೈ ಅನ್ನುವ ಇನ್ನೊಂದು ಪೈಥಾನ್ ಲೈಬ್ರರಿಯ ಕಥೆ ಕೇಳಿ. ಪೈಥಾನ್‌ನಲ್ಲಿ ಲೆಕ್ಕ ಮಾಡುವ ಯಾವ ವಿಜ್ಞಾನಿಯೂ ನಂಪೈ ಮುಟ್ಟದೆ ಇರಲಾರ. ಪಾಂಡಾಸ್ ಕೂಡ ಅದರ ಮೇಲೇ ನಿಂತಿದೆ. ಗುರುತ್ವ ಅಲೆಗಳನ್ನು ಹಿಡಿದಾಗ, 2019ರ ಏಪ್ರಿಲ್‌ನಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂದಾಗ, ಹಿಂದೆ ಇದ್ದ ಲೆಕ್ಕಗಳಲ್ಲಿ ನಂಪೈ ಇತ್ತು. ಅದರ 1.0 ಆವೃತ್ತಿ ಬಂದದ್ದು 2006ರಲ್ಲಿ. ಅದನ್ನು ಬೆಳೆಸೋಕೆ ಅಂತಲೇ ಮೊದಲ ಗ್ರಾಂಟ್ ಸಿಕ್ಕಿದ್ದು 2017ರಲ್ಲಿ. ಅಮೆರಿಕದ ಮೂರ್ ಪ್ರತಿಷ್ಠಾನ ಮತ್ತು ಸ್ಲೋನ್ ಪ್ರತಿಷ್ಠಾನ ಸೇರಿ ಸುಮಾರು 13 ಲಕ್ಷ ಡಾಲರ್ ಕೊಟ್ಟವು. ನಡುವಿನ ಹನ್ನೊಂದು ವರ್ಷ ಜನ ರಾತ್ರಿ ಹೊತ್ತು, ರಜೆ ದಿನ, ತಮ್ಮ ಕೆಲಸದ ನಡುವೆ ಸಮಯ ಮಾಡಿಕೊಂಡು ಅದನ್ನು ಕಾಪಾಡಿದರು. ಇದು ನನಗೆ ಇವತ್ತಿಗೂ ಸಂಕಟ ಕೊಡುವ ಸಂಗತಿ.

ಬ್ರಿಟನ್ನಿನಲ್ಲಿ ಸಾಫ್ಟ್‌ವೇರ್ ಸಸ್ಟೈನಬಿಲಿಟಿ ಇನ್‌ಸ್ಟಿಟ್ಯೂಟ್ ಅಂತ 2010ರಿಂದ ಒಂದು ಸಂಸ್ಥೆ ಇದೆ. ಅವರು 2014ರಲ್ಲಿ ಅಲ್ಲಿನ 15 ವಿಶ್ವವಿದ್ಯಾಲಯಗಳ ಸಂಶೋಧಕರನ್ನು ಕೇಳಿದರು. ನೂರಕ್ಕೆ 92 ಮಂದಿ ಸಂಶೋಧನಾ ಸಾಫ್ಟ್‌ವೇರ್ ಬಳಸುತ್ತೇವೆ ಅಂದರು. 69 ಮಂದಿ, ಅದಿಲ್ಲದಿದ್ದರೆ ನಮ್ಮ ಸಂಶೋಧನೆಯೇ ನಡೆಯಲ್ಲ ಅಂದರು. 56 ಮಂದಿ ತಾವೇ ಕೋಡ್ ಬರೆಯುತ್ತಿದ್ದರು. ಆ 56ರಲ್ಲಿ ಐದನೇ ಒಂದು ಭಾಗಕ್ಕೆ ಸಾಫ್ಟ್‌ವೇರ್ ಬರೆಯುವ ತರಬೇತಿಯೇ ಇರಲಿಲ್ಲ. ನಮ್ಮ ಕಾಲೇಜುಗಳ ಸ್ಥಿತಿ ಇದಕ್ಕಿಂತ ಚೆನ್ನಾಗಿದೆ ಅಂತ ನಂಬೋಕೆ ನನಗೆ ಕಾರಣ ಕಾಣಿಸುತ್ತಿಲ್ಲ.

ಯಾಕೆ ದುಡ್ಡು ಸಿಗಲ್ಲ ಅನ್ನೋದಕ್ಕೆ ಕಾರಣ ಸರಳ. ಅನುದಾನ ಕೊಡುವ ಸಮಿತಿ ಮೊದಲು ಕೇಳುವುದು "ಇದರಲ್ಲಿ ಹೊಸದೇನಿದೆ?" ಅಂತ. ನಾನೂ ಒಮ್ಮೆ ಒಂದು ಸಮಿತಿಯ ಮುಂದೆ ಹಳೇ ಕೋಡ್ ಗಟ್ಟಿ ಮಾಡುವ ಯೋಜನೆ ಇಟ್ಟಿದ್ದೆ. ಹತ್ತು ನಿಮಿಷದಲ್ಲಿ ಅದೇ ಪ್ರಶ್ನೆ ನಾಲ್ಕು ಸಲ ಬಂತು, ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಉತ್ತರ ಇತ್ತು ಅಂತ ಈಗ ಗೊತ್ತು. ಅದನ್ನು ಮುಂದೆ ಹೇಳುತ್ತೇನೆ.

ಹೊರಗೆ ಯಾರು ಕೊಡುತ್ತಾರೆ

ಕಳೆದ ಹತ್ತು ವರ್ಷದಲ್ಲಿ ಗಾಳಿ ಸ್ವಲ್ಪ ತಿರುಗಿದೆ. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ದಂಪತಿಯ ಚಾನ್ ಜುಕರ್‌ಬರ್ಗ್ ಇನಿಶಿಯೇಟಿವ್ 2019ರಲ್ಲಿ ವಿಜ್ಞಾನಕ್ಕೆ ಬೇಕೇಬೇಕಾದ ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ, ಸಾಫ್ಟ್‌ವೇರ್‌ಗೆ ಅಂತಲೇ ಒಂದು ಯೋಜನೆ ತಂದಿತು. ಮೊದಲ ಸುತ್ತಿನಲ್ಲೇ 42 ಪ್ರಾಜೆಕ್ಟ್‌ಗಳಿಗೆ 50 ಲಕ್ಷ ಡಾಲರ್. ನಂಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಎಲ್ಲ ಅದರಿಂದ ನೆರವು ಪಡೆದವು. ಒಟ್ಟು ಆರು ಸುತ್ತು ನಡೆಯಿತು. ಈ ಯೋಜನೆಯ ಮುಖ್ಯ ಗುಣ ಏನು ಅಂದರೆ, "ಹೊಸದೇನು" ಅಂತ ಕೇಳುವ ಬದಲು "ಇದನ್ನು ಯಾರು ಬಳಸುತ್ತಿದ್ದಾರೆ, ಇದು ನಿಂತರೆ ಏನಾಗುತ್ತದೆ" ಅಂತ ಕೇಳಿದ್ದು. ದುರಸ್ತಿ, ವಿವರಣೆ ಬರೆಯೋದು, ಬಳಕೆದಾರರಿಗೆ ಸಹಾಯ ಮಾಡೋದು, ಇವನ್ನೇ ಕೆಲಸ ಅಂತ ಒಪ್ಪಿಕೊಂಡಿತು.

ಗೂಗಲ್‌ನ ಮಾಜಿ ಮುಖ್ಯಸ್ಥ ಎರಿಕ್ ಶ್ಮಿಟ್ ಅವರ ಸಂಸ್ಥೆ 2022ರಲ್ಲಿ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಸಂಶೋಧನಾ ಸಾಫ್ಟ್‌ವೇರ್ ಎಂಜಿನಿಯರ್‌ಗಳನ್ನು ಕೂರಿಸೋಕೆ ಐದು ವರ್ಷಕ್ಕೆ 4 ಕೋಟಿ ಡಾಲರ್ ಘೋಷಿಸಿತು. ಮೂರು ಅಮೆರಿಕದವು, ಒಂದು ಕೇಂಬ್ರಿಜ್. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲೂ ಇಂಥ ಯೋಜನೆಗಳಿವೆ, ಆದರೆ ಅರ್ಜಿ ಹಾಕಬೇಕಾದದ್ದು ಅಲ್ಲಿನ ಸಂಸ್ಥೆಗಳು. ದಾವಣಗೆರೆಯಲ್ಲಿ ಕೂತು ಇವಕ್ಕೆ ನೇರವಾಗಿ ಕೈ ಹಾಕೋಕೆ ಆಗಲ್ಲ.

ನಮಗೆ ಕೈಗೆಟುಕುವವು ಚಿಕ್ಕವು. ಅವನ್ನೇ ನಾನು ಜಾಸ್ತಿ ನೆಚ್ಚುತ್ತೇನೆ.

ಅಂಕಿಅಂಶದ ಲೆಕ್ಕಕ್ಕೆ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಳಸುವವರಿಗೆ ಆರ್ ಕನ್ಸಾರ್ಷಿಯಂ ಇದೆ. ಆರ್ ಬಳಕೆದಾರರಿಗೆಲ್ಲ ಉಪಯೋಗ ಆಗುವ ಕೆಲಸಕ್ಕೆ ಅದು ಗ್ರಾಂಟ್ ಕೊಡುತ್ತದೆ. ಕೃಷಿ ಸಂಖ್ಯಾಶಾಸ್ತ್ರದವರು ಆರ್ ಬಿಟ್ಟು ಬದುಕೋದೇ ಇಲ್ಲ, ಹಾಗಾಗಿ ಹಿರಿಯೂರಿನ ಬಬ್ಬೂರು ಫಾರ್ಮಿನಂಥ ಕಡೆ ಕೆಲಸ ಮಾಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಪೈಥಾನ್ ಕಡೆ ನಂಫೋಕಸ್ ಅನ್ನುವ ಸಂಸ್ಥೆ 2012ರಿಂದ ಇದೆ. ಅದರ ಸಣ್ಣ ಗ್ರಾಂಟ್‌ಗಳು ಅದರ ಆಶ್ರಯದಲ್ಲಿರುವ ಇಲ್ಲವೇ ಅದರ ಜೊತೆ ಗುರುತಿಸಿಕೊಂಡ ಪ್ರಾಜೆಕ್ಟ್‌ಗಳಿಗೆ ಮಾತ್ರ. ಆದರೆ ಆ ಪ್ರಾಜೆಕ್ಟ್‌ನಲ್ಲಿ ನೀವು ಕೆಲಸ ಮಾಡಿ ನಂಬಿಕೆ ಗಳಿಸಿದ್ದರೆ, ಅವರು ಬರೆಯುವ ಅರ್ಜಿಯಲ್ಲಿ ಕೆಲಸಗಾರರಾಗಿ ನಿಮ್ಮ ಹೆಸರು ಬರಬಹುದು.

ಓದುತ್ತಿರುವ ಹುಡುಗರಿಗೆ ಗೂಗಲ್ ಸಮರ್ ಆಫ್ ಕೋಡ್. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಲ್ಲಿ ಕೆಲಸ ಮಾಡುವ ಹೊಸಬರಿಗೆ ಭತ್ಯೆ ಕೊಡುವ ಯೋಜನೆ ಇದು, 2005ರಿಂದ ನಡೆಯುತ್ತಿದೆ. 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕು ಅಂತಿಲ್ಲ, 18 ತುಂಬಿದ ಹೊಸಬರು ಯಾರಾದರೂ ಸರಿ. ವಿಜ್ಞಾನದ ಎಷ್ಟೋ ಪ್ರಾಜೆಕ್ಟ್‌ಗಳು ಇದರಲ್ಲಿ ಬರುತ್ತವೆ. ದುಡ್ಡಿಗಿಂತ ದೊಡ್ಡದು ಇಲ್ಲಿ ಸಿಗುವ ಗುರು. ನಿಮ್ಮ ಒಂದೊಂದು ಸಾಲನ್ನೂ ನೋಡಿ, ಇದು ಯಾಕೆ ಹೀಗೆ ಅಂತ ಕೇಳುವವರು ಇರುತ್ತಾರೆ.

ನಮ್ಮ ನೆಲದಲ್ಲಿ ಏನಿದೆ

ಕೇಂದ್ರದಲ್ಲಿ ಈಗ ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್ ಇದೆ. 2023ರ ಕಾಯ್ದೆಯಿಂದ ಬಂತು, ಮೊದಲು ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಹಳೇ ಎಸ್‌ಇಆರ್‌ಬಿ ಅದರಲ್ಲಿ ಸೇರಿಹೋಯಿತು. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕರಿಗೆ ಪ್ರಧಾನ ಮಂತ್ರಿ ಅರ್ಲಿ ಕರಿಯರ್ ರಿಸರ್ಚ್ ಗ್ರಾಂಟ್ ಅಂತ ಒಂದಿದೆ, ಪರಿಶಿಷ್ಟ ಜಾತಿ ಮತ್ತು ಪಂಗಡದ ಸಂಶೋಧಕರಿಗೆ ಇನ್‌ಕ್ಲೂಸಿವಿಟಿ ರಿಸರ್ಚ್ ಗ್ರಾಂಟ್ ಇದೆ. ಇವು ಸಾಫ್ಟ್‌ವೇರ್ ದುರಸ್ತಿಗೆ ಅಂತ ಇರುವ ಯೋಜನೆಗಳಲ್ಲ. ವಿಜ್ಞಾನದ ಪ್ರಶ್ನೆ ಮುಂದೆ ಇಡಬೇಕು, ಕೋಡ್ ಗಟ್ಟಿ ಮಾಡುವ ಕೆಲಸವನ್ನು ಅದರೊಳಗೆ ಒಂದು ಭಾಗವಾಗಿ ತೋರಿಸಬೇಕು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಚಿತ್ರದುರ್ಗದ ಅಂತರ್ಜಲ ಅಧ್ಯಯನಕ್ಕೆ ಮಳೆ ಲೆಕ್ಕ ಸರಿ ಇರಬೇಕು, ಮಳೆ ಲೆಕ್ಕಕ್ಕೆ ಕೋಡ್ ಸರಿ ಇರಬೇಕು. ಅಷ್ಟನ್ನೇ ಬರೆಯಿರಿ.

ರಾಜ್ಯದಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ದರ್ಶನ ಸಮೂಹದ ಯೋಜನೆಗಳಿವೆ, ವಿಜಿಎಸ್‌ಟಿ ಅಂದರೆ ಎಲ್ಲರಿಗೂ ಗೊತ್ತು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ (ಕೆಎಸ್‌ಸಿಎಸ್‌ಟಿ) ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ. ಬೆಂಗಳೂರಿನ ಐಐಎಸ್‌ಸಿ ಆವರಣದಿಂದ ದಶಕಗಳಿಂದ ನಡೆದುಕೊಂಡು ಬಂದಿದೆ. ಮೊತ್ತ ಚಿಕ್ಕದು. ಆದರೆ ಕೊನೇ ವರ್ಷದ ನಾಲ್ಕು ಹುಡುಗರು ಪ್ರತಿ ಸಲ ಹೊಸದೊಂದು ಆಪ್ ಮಾಡಿ ಜೂನ್‌ನಲ್ಲಿ ಮರೆತುಬಿಡುವ ಬದಲು, ಪಕ್ಕದ ವಿಭಾಗದವರು ನಿಜವಾಗಿ ಬಳಸುತ್ತಿರುವ ಒಂದು ಕೋಡ್ ತೆಗೆದುಕೊಂಡು ಗಟ್ಟಿ ಮಾಡಿದರೆ? ದಾವಣಗೆರೆಯಲ್ಲಿ 1951ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಊರಿನ ಪಕ್ಕ ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯ ಇದೆ. ಕೋಡ್ ಬರೆಯಬಲ್ಲವರೂ, ಕೋಡ್ ಬೇಕಾದವರೂ ಒಂದೇ ಸಿಟಿ ಬಸ್ಸಿನ ದೂರದಲ್ಲಿದ್ದಾರೆ.

ಐಐಟಿ ಬಾಂಬೆಯ ಫಾಸಿ ಯೋಜನೆ ಇನ್ನೊಂದು ದಾರಿ. ಕೇಂದ್ರ ಶಿಕ್ಷಣ ಸಚಿವಾಲಯದ ನೆರವಿನಿಂದ ನಡೆಯುತ್ತದೆ. ಸೈಲ್ಯಾಬ್, ಓಪನ್‌ಫೋಮ್, ಇಸಿಮ್ ಥರದ ಮುಕ್ತ ತಂತ್ರಾಂಶಗಳ ಮೇಲೆ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಇದೆ. ಐಐಟಿ ಬಾಂಬೆಯದೇ ಇನ್ನೊಂದು ಯೋಜನೆಯ ಸ್ಪೋಕನ್ ಟ್ಯುಟೋರಿಯಲ್‌ಗಳು ಕನ್ನಡದಲ್ಲೂ ಇವೆ, ಹಳ್ಳಿ ಕಡೆಯಿಂದ ಬಂದ ಹುಡುಗರಿಗೆ ಕಲಿಯೋಕೆ ತುಂಬ ಸಲೀಸು.

ಬೆಂಗಳೂರಿನ ಫಾಸ್ ಯುನೈಟೆಡ್ ಮುಕ್ತ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳಿಗೆ ಗ್ರಾಂಟ್ ಕೊಡುತ್ತದೆ. ಬೆಂಗಳೂರಿನದೇ ಜೆರೋಧಾ ಕಂಪನಿ 2024ರ ಅಕ್ಟೋಬರ್‌ನಲ್ಲಿ ಫ್ಲಾಸ್ ಫಂಡ್ ಶುರು ಮಾಡಿತು. ವರ್ಷಕ್ಕೆ 10 ಲಕ್ಷ ಡಾಲರ್, ಒಂದು ಪ್ರಾಜೆಕ್ಟ್‌ಗೆ 10,000ದಿಂದ 1,00,000 ಡಾಲರ್‌ವರೆಗೆ. ಆಗಲೇ ಬಹಳ ಜನ ಬಳಸುತ್ತಿರುವ ಪ್ರಾಜೆಕ್ಟ್‌ಗಳಿಗೆ ಇದು. ನಮ್ಮ ಮಳೆ ಸ್ಕ್ರಿಪ್ಟ್‌ಗೆ ಸಿಗಲ್ಲ, ಅದು ನನಗೂ ಗೊತ್ತು. ಆದರೆ ಉಂಡ ಕಂಪನಿ ಕಣಕ್ಕೆ ಬಂದು ಕಾಳು ಅಳೆಯುವ ಪದ್ಧತಿ ನಮ್ಮ ರಾಜ್ಯದಲ್ಲೂ ಶುರುವಾದದ್ದು ನನಗೆ ಹೆಮ್ಮೆ ಅನ್ನಿಸುತ್ತದೆ.

ಅರ್ಜಿಯಲ್ಲಿ ಏನು ಬರೆಯಬೇಕು

"ಹೊಸದೇನಿದೆ" ಅನ್ನೋದಕ್ಕೆ ಉತ್ತರ ಹೀಗೆ. ಹೊಸದು ಕೋಡ್ ಅಲ್ಲ, ಅದರಿಂದ ಬರುವ ಫಲಿತಾಂಶವನ್ನು ಇನ್ನು ಮೇಲೆ ನಂಬಬಹುದು ಅನ್ನೋದು. ತಪ್ಪಿದ್ದರೆ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟುವ ಹಾಗೆ ತೋರಿಸಬೇಕು. ನಾವು ಫೆಬ್ರುವರಿಯ ಮಳೆ ಗ್ರಾಫ್ ತೋರಿಸುತ್ತೇವೆ. ದೊಡ್ಡ ಉದಾಹರಣೆ ಬೇಕಿದ್ದರೆ ಜೀವಶಾಸ್ತ್ರದಲ್ಲಿದೆ, ಅದೂ ತಾರೀಖಿನದೇ. ಎಕ್ಸೆಲ್‌ನಲ್ಲಿ ಸೆಪ್ಟ್-2, ಮಾರ್ಚ್-1 ಅನ್ನುವ ಜೀನ್ ಹೆಸರು ಹಾಕಿದರೆ ಅದು ತಾರೀಖು ಮಾಡಿಬಿಡುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಈ ತಪ್ಪು ಇದೆ ಅಂತ 2016ರಲ್ಲಿ ಒಂದು ಅಧ್ಯಯನ ತೋರಿಸಿತು. ಕೊನೆಗೆ 2020ರಲ್ಲಿ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು.

ಆಮೇಲೆ ಬಳಕೆದಾರರು. ಸಾವಿರ ಜನ ಬೇಕಿಲ್ಲ. ಐದು ಜನ ಇದ್ದರೂ ಅವರು ಯಾರು, ಯಾವುದಕ್ಕೆ ಬಳಸುತ್ತಾರೆ, ಎಲ್ಲಿ ಸಿಕ್ಕಿಹಾಕಿಕೊಂಡರು ಅಂತ ಬರೆಯಿರಿ. ಅವರ ಪತ್ರ ಇದ್ದರೆ ಲಗತ್ತಿಸಿ.

ಕೆಲಸವನ್ನು ಬಿಡಿಸಿ ಹೇಳಿ. "ಸಾಫ್ಟ್‌ವೇರ್ ಅಭಿವೃದ್ಧಿ" ಅಂತ ಒಂದು ಸಾಲು ಬರೆದರೆ ಯಾರಿಗೂ ಏನೂ ಕಾಣಲ್ಲ. ಮೊದಲ ಎರಡು ತಿಂಗಳು ಪರೀಕ್ಷೆಗಳು, ಮೂರನೆಯದರಲ್ಲಿ ಪೈಥಾನ್‌ನ ಹೊಸ ಆವೃತ್ತಿಗೆ ಹೊಂದಿಸೋದು, ನಾಲ್ಕು ಮತ್ತು ಐದರಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ ಕೈಪಿಡಿ, ಆರನೆಯದರಲ್ಲಿ ಎರಡು ಜಿಲ್ಲೆಯ ಸಂಶೋಧಕರಿಗೆ ಕಾರ್ಯಾಗಾರ. ಹೀಗೆ ಬರೆದರೆ ದುಡ್ಡಿನ ಲೆಕ್ಕವೂ ತಾನೇ ಬರುತ್ತದೆ. 2023ರ ಜನವರಿಯಿಂದ ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೋಗೆ, ತಿಂಗಳಿಗೆ 37,000 ರೂಪಾಯಿ ಅಂತ ಇದೆ. ಆ ದರದಲ್ಲಿ ಆರು ತಿಂಗಳಿಗೆ 2,22,000, ಮನೆ ಬಾಡಿಗೆ ಭತ್ಯೆ ಬೇರೆ. ಸಾಫ್ಟ್‌ವೇರ್ ಕೆಲಸದಲ್ಲಿ ಖರ್ಚಿನ ಬಹುಪಾಲು ಮನುಷ್ಯರಿಗೇ ಹೋಗುತ್ತದೆ. ನಮ್ಮವರು ಅಭ್ಯಾಸ ಬಲದಿಂದ ಯಂತ್ರೋಪಕರಣದ ಕಾಲಂ ತುಂಬಿ, ಸಿಬ್ಬಂದಿ ಕಾಲಂ ಖಾಲಿ ಬಿಡುತ್ತಾರೆ. ಆಮೇಲೆ ಹೊಸ ಕಂಪ್ಯೂಟರ್ ಬರುತ್ತದೆ, ಕೂತು ಕೆಲಸ ಮಾಡುವವರು ಇರಲ್ಲ.

ಅರ್ಜಿಗೆ ಮೊದಲೇ ಮಾಡಿಕೊಳ್ಳಬೇಕಾದ ಕೆಲಸಕ್ಕೆ ದುಡ್ಡು ಬೇಡ. ಕೋಡ್‌ಗೆ ಲೈಸೆನ್ಸ್ ಹಾಕಿ. 1957ರ ಕಾಪಿರೈಟ್ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿ ಅಂತಲೇ ಎಣಿಸುತ್ತದೆ. ಅಂತರ್ಜಾಲದಲ್ಲಿ ಇಟ್ಟ ಮಾತ್ರಕ್ಕೆ ಅದು ಎಲ್ಲರದ್ದಾಗಲ್ಲ. ಎಂಐಟಿ, ಬಿಎಸ್‌ಡಿ, ಜಿಪಿಎಲ್, ಯಾವುದೋ ಒಂದು ಹಾಕಿದರೆ ಮಾತ್ರ ಬೇರೆಯವರು ಧೈರ್ಯವಾಗಿ ಮುಟ್ಟಬಹುದು. ಕೆಲಸದ ಭಾಗವಾಗಿ ಬರೆದ ಕೋಡ್ ಆದರೆ ಕಾಲೇಜಿನಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಝೆನೋಡೋ ಅನ್ನುವ ಸಂಶೋಧನಾ ಸಂಗ್ರಹ ತಾಣದಲ್ಲಿ ಇಟ್ಟರೆ ಶಾಶ್ವತ ಗುರುತಿನ ಸಂಖ್ಯೆ ಸಿಗುತ್ತದೆ, ಪ್ರಬಂಧದಲ್ಲಿ ಉಲ್ಲೇಖ ಮಾಡಬಹುದು. ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್ 2016ರಿಂದ ಇದೆ. ಲೇಖಕರಿಂದ ಒಂದು ರೂಪಾಯಿ ಕೇಳಲ್ಲ. ಅಲ್ಲಿ ವಿಮರ್ಶಕರು ಕೋಡ್ ಅನ್ನೇ ಓಡಿಸಿ ನೋಡುತ್ತಾರೆ. ಅದು ಪಾಸಾದರೆ ಅರ್ಜಿಗೆ ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಹೊರದೇಶದ ದುಡ್ಡಿನ ಬಗ್ಗೆ ಒಂದು ಎಚ್ಚರಿಕೆ. ಕಾಲೇಜಿಗಾಗಲಿ ಟ್ರಸ್ಟ್‌ಗಾಗಲಿ ವಿದೇಶಿ ಗ್ರಾಂಟ್ ಬರಬೇಕಾದರೆ 2010ರ ಎಫ್‌ಸಿಆರ್‌ಎ ಕಾಯ್ದೆ ನೋಡಲೇಬೇಕು. 2020ರ ತಿದ್ದುಪಡಿಯಾದ ಮೇಲೆ ನೋಂದಣಿ ಇರುವ ಸಂಸ್ಥೆಗಳೂ ಅಂಥ ದುಡ್ಡನ್ನು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಸುಮ್ನೆ ಇಲ್ಲಿನ ಖಾತೆಗೆ ಹಾಕಿಸಿಕೊಳ್ಳುವ ಹಾಗಿಲ್ಲ. ಅರ್ಜಿ ಬರೆಯುವ ಮೊದಲೇ ಹಣಕಾಸು ಅಧಿಕಾರಿ ಮತ್ತು ಲೆಕ್ಕಪರಿಶೋಧಕರ ಜೊತೆ ಕೂತು ಮಾತಾಡಿ. ಸರ್ಕಾರದ ದುಡ್ಡಿಗೆ ಯುಟಿಲೈಸೇಶನ್ ಸರ್ಟಿಫಿಕೇಟ್ ಸಮಯಕ್ಕೆ ಕೊಡಬೇಕು, ಇಲ್ಲವಾದರೆ ಮುಂದಿನ ಕಂತು ನಿಲ್ಲುತ್ತದೆ. ಇನ್ನು, ಎಷ್ಟೋ ಯೋಜನೆಗಳ ಬಾಗಿಲು ವರ್ಷವಿಡೀ ತೆರೆದಿರಲ್ಲ. ಆಯಾ ಸಂಸ್ಥೆಯ ಪ್ರಕಟಣೆ ನೋಡಿಯೇ ಹೊರಡಿ.

ಆ ವಿದ್ಯಾರ್ಥಿನಿ ಈಗ ಆ ಸ್ಕ್ರಿಪ್ಟ್‌ನ ನೀರುಗಂಟಿ. ಪೆನ್‌ಡ್ರೈವ್‌ನಿಂದ ತೆಗೆದು ಎಲ್ಲರಿಗೂ ಕಾಣುವ ಕಡೆ ಇಟ್ಟಿದ್ದಾಳೆ. ಅವಳು ಬರೆದ ಮೊದಲ ಪರೀಕ್ಷೆ ಒಂದೇ ಒಂದು ದಿನಾಂಕದ್ದು: 02/09 ಕೊಟ್ಟರೆ ಸೆಪ್ಟೆಂಬರ್ ಬರಬೇಕು, ಫೆಬ್ರುವರಿ ಬಂದರೆ ನಿಲ್ಲಬೇಕು. ಕಳೆದ ತಿಂಗಳು ಹಿರಿಯೂರು ಕಡೆಯಿಂದ ಯಾರೋ ಅದನ್ನು ಇಳಿಸಿಕೊಂಡು, ಹೋಬಳಿ ಹೆಸರು ಕನ್ನಡದಲ್ಲಿದ್ದರೆ ಪ್ರೋಗ್ರಾಂ ನಿಂತುಹೋಗುತ್ತೆ ಅಂತ ಬರೆದಿದ್ದರು. ನಾವು ಈಗ ತುಂಬುತ್ತಿರುವ ಅರ್ಜಿಯ "ಅಗತ್ಯ" ಅನ್ನುವ ಕಾಲಂಗೆ ಆ ಪತ್ರವನ್ನೇ ಮೊದಲ ಪುಟದಲ್ಲಿ ಲಗತ್ತಿಸಿದ್ದೇವೆ.